ಬಣ್ಣದ ಕೆಳಗಿನ ಕಬ್ಬಿಣ

ಕಳೆದ ತಿಂಗಳು ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಸಂತಾಪ ಸಭೆ ನಡೆಯಿತು. ರಿಜಿಸ್ಟ್ರಾರರು ಮೈಕ್ ಹಿಡಿದು, ತೀರಿಕೊಂಡವರು ‘ಮೃದು ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದವರು’ ಎಂದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಎದ್ದು ನಿಂತು ಸುಳ್ಳು ಎನ್ನಬೇಕಾಗಿತ್ತು. ಎನ್ನಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಅವರು ಮೃದುವಾಗಿರಲಿಲ್ಲ. ಯಾರೊಂದಿಗೂ ಹೊಂದಿಕೊಂಡು ಹೋಗಲಿಲ್ಲ. ಹೋಗಿದ್ದರೆ ಆಫ್ರಿಕಾದ ಮಲಾವಿ ದೇಶದಲ್ಲಿ ಇವತ್ತು ಒಂದು ತಾಂತ್ರಿಕ ಕಾಲೇಜಿನ ವರ್ಕ್‌ಶಾಪ್ ನಡೆಯುತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಿದ್ದರು. ವಿದ್ಯಾರ್ಥಿಗಳಿಗೆ ಅವರು ‘ವರ್ಕ್‌ಶಾಪ್ ಅಮ್ಮ’. ನನಗೆ ಅಕ್ಕ.

ಚೆನ್ನೈನ ಪೋರೂರಿನ ಆಚೆ ಇರುವ ನಮ್ಮ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಕ್ಕ ವರ್ಕ್‌ಶಾಪ್ ಸೂಪರಿಂಟೆಂಡೆಂಟ್ ಆಗಿದ್ದರು. ಓದಿದ್ದು ಡಿಪ್ಲೊಮಾ. ಸ್ಟಾಫ್ ರೂಮಿನ ಡಾಕ್ಟರೇಟುಗಳು ಅವರನ್ನು ಊಟಕ್ಕೆ ಕರೆಯುತ್ತಿರಲಿಲ್ಲ, ಮನೆಯ ಮಿಕ್ಸಿ ಕೆಟ್ಟಾಗ ಮಾತ್ರ ಕರೆಯುತ್ತಿದ್ದರು. ಅಕ್ಕ ಮಿಕ್ಸಿ ರಿಪೇರಿ ಮಾಡಿಕೊಡುತ್ತಿದ್ದರು, ಮಾಡಿಕೊಟ್ಟು “ಮುಂದಿನ ಸಲ ನೀವೇ ಬಿಚ್ಚಿ ನೋಡಿ ಡಾಕ್ಟರ್, ಹೆಸರಿನ ಮುಂದೆ ಇಂಜಿನಿಯರಿಂಗ್ ಇದೆ” ಎಂದು ಎಲ್ಲರೆದುರು ಹೇಳುತ್ತಿದ್ದರು. ಮುಂದಿನ ಸಲ ಯಾರೂ ಬರುತ್ತಿರಲಿಲ್ಲ. ಅವರಿಗೆ ಬೇಕಾದದ್ದೂ ಅದೇ.

ಗದಗಿನ ಲಿಂಗಾಯತ ಮನೆತನ. ತಂದೆ ಹತ್ತಿ ಜಿನ್ನಿನ ಬಿಡಿಭಾಗಗಳ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ಕಡಲಂಚಿನ ತಿರುವೊಟ್ಟಿಯೂರಿನಲ್ಲಿ ಕಬ್ಬಿಣ ಕಡೆಯುವ ಒಂದು ಸಣ್ಣ ಲೇತ್ ಶಾಪ್ ಹಾಕಿದವರು. ಅಕ್ಕ ಹುಟ್ಟಿದ್ದೇ ಆ ಶಾಪಿನ ಹಿಂದಿನ ಮನೆಯಲ್ಲಿ. ಒಂದು ಕಡೆ ಮೀನಿನ ವಾಸನೆ, ಇನ್ನೊಂದು ಕಡೆ ಕಟಿಂಗ್ ಆಯಿಲ್ ವಾಸನೆ, ಎರಡರ ನಡುವೆ ಬೆಳೆದೆ ಎನ್ನುತ್ತಿದ್ದರು. ತಮಿಳನ್ನು ಮೀನುಗಾರರ ಹಾಗೆ ಮಾತಾಡುತ್ತಿದ್ದರು, ಕನ್ನಡವನ್ನು ಗದಗಿನವರ ಹಾಗೆ. ನಮ್ಮ ಮನೆ ಮೈಲಾಪೂರಿನಲ್ಲಿ. ಮೂರು ತಲೆಮಾರಿನಿಂದ ಅಲ್ಲೇ ಇರುವ ವೈಷ್ಣವರು ನಾವು, ನಮ್ಮ ಕನ್ನಡದಲ್ಲಿ ಅರ್ಧ ತಮಿಳು. ನಾನು ಮೊದಲ ಸಲ ಬಾಯಿಬಿಟ್ಟಾಗ ಅಕ್ಕ ನಕ್ಕು, “ನಿಂದೂ ಕನ್ನಡಾನ ಬಿಡವ್ವಾ, ಆದ್ರ ಸ್ವಲ್ಪ ಸಾಂಬಾರು ಹೆಚ್ಚಾಗೇತಿ” ಎಂದಿದ್ದರು.

ನನ್ನ ಕೆಲಸ ಕಾಲೇಜಿನ ಅಂತರರಾಷ್ಟ್ರೀಯ ಸಹಯೋಗ ಕಚೇರಿಯಲ್ಲಿ. ಒಪ್ಪಂದಗಳ ಕರಡು ಬರೆಯುವುದು, ಪತ್ರ ಟೈಪ್ ಮಾಡುವುದು, ಅತಿಥಿಗಳಿಗೆ ಕಾಲೇಜು ತೋರಿಸುವುದು. ಮಲಾವಿಯಲ್ಲಿ ಹೊಸದಾಗಿ ಶುರುವಾಗುತ್ತಿದ್ದ ತಾಂತ್ರಿಕ ಕಾಲೇಜಿನ ಜೊತೆ ನಮ್ಮ ಒಪ್ಪಂದವಾದಾಗ ಎಲ್ಲ ಕಾಗದಗಳೂ ನನ್ನ ಕೈಯ ಮೂಲಕವೇ ಹಾದುಹೋದವು. ಪಠ್ಯಕ್ರಮ, ಅಧ್ಯಾಪಕರ ತರಬೇತಿ, ವರ್ಕ್‌ಶಾಪ್ ಕಟ್ಟಿಕೊಡುವುದು ನಮ್ಮ ಪಾಲು. ಅದಕ್ಕೆ ಬೇಕಾದ ಹಣದ ನೆರವು ಒಂದು ವಿದೇಶಿ ನಿಧಿಯಿಂದ ಬಂದಿತ್ತು.

ಆರಂಭದಲ್ಲಿ ಅಕ್ಕನೂ ಬೇರೆಯವರ ಹಾಗೇ ಇದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಕಾಲೇಜಿನ ಡೀನ್ ಚೆನ್ನೈಗೆ ಬರುತ್ತಾರೆಂದು ಹೇಳಿದಾಗ, “ಬರ್ಲಿ ಬಿಡು. ಲೇತ್ ನೋಡ್ಯಾರೋ ಇಲ್ಲೋ” ಎಂದಿದ್ದರು. ಡೀನ್ ಬಂದರು. ಎತ್ತರದ ಆಳು, ಮೆತ್ತನೆಯ ದನಿ. ವರ್ಕ್‌ಶಾಪಿನೊಳಗೆ ರಿಜಿಸ್ಟ್ರಾರರು ವಿವರಣೆ ಕೊಡುತ್ತಿದ್ದರೆ ಅವರು ಅತ್ತ ಗಮನವನ್ನೇ ಕೊಡದೆ, ತಿರುಗುತ್ತಿದ್ದ ಒಂದು ಲೇತಿನ ಹತ್ತಿರ ನಿಂತರು. ಬೆಂಚಿನ ಮೇಲಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿದರು. “ಹಿಂದಿನ ಬೇರಿಂಗ್ ಹೋಗುತ್ತಿದೆ. ಇನ್ನು ಎರಡು ತಿಂಗಳು” ಎಂದರು.

ಅಕ್ಕ ಸ್ಕ್ರೂಡ್ರೈವರ್ ಕಸಿದುಕೊಂಡು ತಾವೂ ಕೇಳಿದರು. ಇಂಗ್ಲಿಷಿನಲ್ಲಿ “ಮೂರು ತಿಂಗಳು” ಎಂದರು. ಇಬ್ಬರೂ ಅಲ್ಲೇ ನಿಂತು ವಾದಕ್ಕಿಳಿದರು. ರಿಜಿಸ್ಟ್ರಾರರು ಊಟಕ್ಕೆ ಹೊತ್ತಾಯಿತೆಂದು ಎರಡು ಸಲ ಹೇಳಿದರೂ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬೇರಿಂಗ್ ಎರಡು ತಿಂಗಳಿಗೇ ಹೋಯಿತು. ಅಕ್ಕ ನನ್ನ ಕಚೇರಿಗೆ ಬಂದು, “ಆ ಮನಿಷಾಗ ಒಂದು ಮೇಲ್ ಹಾಕು. ನೀವು ಹೇಳಿದ್ದ ಖರೆ ಅಂತ ಬರಿ” ಎಂದರು. ಅವರು ಸೋಲು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಎರಡೇ ಸಲ. ಅದು ಮೊದಲನೆಯದು.

ಮುಂದಿನ ವರ್ಷ ಒಪ್ಪಂದದ ಪ್ರಕಾರ ಒಂಬತ್ತು ಹೊಸ ಲೇತ್‌ಗಳು ಮಲಾವಿಗೆ ಹೋಗಬೇಕಾಗಿತ್ತು. ಹೊಸವು ಬಂದವು. ಬಂದು ನಮ್ಮ ವರ್ಕ್‌ಶಾಪಿನಲ್ಲೇ ನಿಂತುಕೊಂಡವು. ನಮ್ಮಲ್ಲಿದ್ದ ಹಳೆಯ ಒಂಬತ್ತನ್ನು ಹೊರಗೆ ಸಾಗಿಸಿ, ಹಸಿರು ಬಣ್ಣ ಬಳಿದು, ತಿರುವೊಟ್ಟಿಯೂರಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆಗೆ ಹಾಕಿಸಲಾಯಿತು. ‘ಹೊಸ ಯಂತ್ರಗಳು, ಪರೀಕ್ಷಿಸಿ ತೃಪ್ತಿಕರವೆಂದು ಕಂಡುಬಂದಿವೆ’ ಎಂಬ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿದೆ. ಸಹಿ ಅಕ್ಕನದಾಗಬೇಕಿತ್ತು.

ಅವರು ಅದನ್ನು ಓದಿ ನನ್ನ ಮುಖ ನೋಡಿದರು.

“ಇದನ್ನ ನೀ ಟೈಪ್ ಮಾಡೀ?”

“ಆಮಾಂ ಅಕ್ಕಾ, ನಾನೇ.”

“ಹಳೇವು ಅಂತ ಗೊತ್ತಿತ್ತಿಲ್ಲೋ?”

“ಗೊತ್ತಿತ್ತು. ಆದ್ರೆ ನಾನ್ ಏನ್ ಪಣ್ಣೋದು ಅಕ್ಕಾ? ಹೇಳಿದ್ದು ಟೈಪ್ ಮಾಡ್ದೆ, ಅಷ್ಟೇ.”

“ಬೆರಳು ನಿನ್ನವಾ ಅಲ್ಲನವ್ವಾ” ಎಂದು ಕಾಗದ ಮಡಚಿ ಖಾಕಿ ಕೋಟಿನ ಜೇಬಿಗೆ ಹಾಕಿಕೊಂಡು ನಡೆದೇಬಿಟ್ಟರು. ನಾನು ಹಿಂದೆ ಓಡಿದೆ.

ರಿಜಿಸ್ಟ್ರಾರರ ಕೋಣೆಯಲ್ಲಿ ಅಕ್ಕ ಕೂರಲಿಲ್ಲ. ರಿಜಿಸ್ಟ್ರಾರರು ಕೆಟ್ಟ ಮನುಷ್ಯರೆಂದು ನಾನು ಹೇಳುವುದಿಲ್ಲ. ದನಿ ಏರಿಸಿದವರಲ್ಲ. “ಪಾರುಂಗಮ್ಮಾ”, ನೋಡಿಯಮ್ಮಾ, ಎಂದು ತಮಿಳಿನಲ್ಲಿ ಶುರು ಮಾಡಿದರು. ಅಲ್ಲಿ ಏನೂ ಇಲ್ಲದ ಜಾಗ, ನಮ್ಮ ಹಳೆಯದೇ ಅವರಿಗೆ ದೊಡ್ಡದು, ಅವರು ಸಂತೋಷವಾಗಿ ಇಟ್ಟುಕೊಳ್ಳುತ್ತಾರೆ, ಎಷ್ಟಾದರೂ ಆಫ್ರಿಕಾ ತಾನೇ ಎಂದರು.

ಅಕ್ಕ ತಮಿಳಿನಲ್ಲೇ ಕೇಳಿದರು: “ಬ್ರೇಕ್ ಹಿಡಿಯದ ಆ ಮೂರನೇ ಲೇತಿನ ಮೇಲೆ ನಿಮ್ಮ ಮಗನಿಗೆ ಪ್ರಾಕ್ಟಿಕಲ್ ಮಾಡಿಸ್ತೀರಾ ಸಾರ್?”

“ಅವನು ಕಂಪ್ಯೂಟರ್ ಸೈನ್ಸ್ ಅಮ್ಮಾ.”

“ಅದಕ್ಕೇ ಅವನ ಬೆರಳು ಹತ್ತೂ ಇವೆ. ಹಳೇದು ಕಳಿಸಿ, ನಾನು ಬೇಡ ಅನ್ನೋಲ್ಲ. ನಾನೂ ಹಳೆಯ ಯಂತ್ರದ ಮೇಲೇ ಕಲಿತವಳು. ಆದರೆ ಹಳೇದು ಅಂತ ಬರೆದು ಕಳಿಸಿ. ಎಲ್ಲಿ ಸವೆದಿದೆ ಅಂತ ಗೊತ್ತಿದ್ದರೆ ಅವರು ಸರಿ ಮಾಡಿಕೊಳ್ತಾರೆ. ಗೊತ್ತಿಲ್ಲದಿದ್ದರೆ ಕೈ ಕಳ್ಕೋತಾರೆ.”

ರಿಜಿಸ್ಟ್ರಾರರು ಎರಡು ದಿನ ಯೋಚಿಸಿ ಬನ್ನಿ ಎಂದರು. ನಿವೃತ್ತಿಗೆ ಒಂದೇ ವರ್ಷ ಉಳಿದಿದೆ ಎಂಬುದನ್ನೂ ನೆನಪಿಸಿದರು. ಅಕ್ಕ, ಸರಿ, ಪೆಟ್ಟಿಗೆ ತೆಗೆಸಿ ಇನ್ನೊಮ್ಮೆ ನೋಡುತ್ತೇನೆ ಎಂದರು. ಹೆಂಗಸು ದಾರಿಗೆ ಬಂದಳೆಂದು ರಿಜಿಸ್ಟ್ರಾರರು ಗೋದಾಮಿಗೆ ಫೋನ್ ಮಾಡಿದರು. ನಾನೂ ಹಾಗೇ ಅಂದುಕೊಂಡೆ. ಮನಸ್ಸಿನೊಳಗೆ ಸ್ವಲ್ಪ ನಿರಾಳವೂ ಆಯಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ.

ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ ನಾವಿಬ್ಬರೂ ಗೋದಾಮಿನಲ್ಲಿದ್ದೆವು. ಪೆಟ್ಟಿಗೆಗಳ ಒಂದು ಬದಿಯ ಹಲಗೆಗಳನ್ನು ತೆಗೆದಿದ್ದರು. ಅಕ್ಕ ಒಂದೊಂದು ಯಂತ್ರಕ್ಕೂ ಮುಳ್ಳಿರುವ ಅಳತೆಯ ಡಯಲ್ ಕಟ್ಟಿ, ಸ್ಪಿಂಡಲನ್ನು, ಅಂದರೆ ಕಬ್ಬಿಣದ ತುಂಡನ್ನು ಹಿಡಿದು ತಿರುಗುವ ದಂಡವನ್ನು, ಕೈಯಿಂದ ತಿರುಗಿಸಿ ನೋಡಿದರು. ಅಲ್ಲಾಡಬಾರದ ಮುಳ್ಳು ಅಲ್ಲಾಡಿತು. ಎರಡು ಯಂತ್ರಗಳಲ್ಲಿ ಅಲ್ಲಾಡಲಿಲ್ಲ. “ಇವೆರಡೂ ಒಳ್ಳೇವು. ಇವಕ್ಕ ಏನೂ ಅನಬಾರದು” ಎಂದು ಅವುಗಳ ಬೆನ್ನು ಸವರಿದರು.

ಆಮೇಲೆ ಚೀಲದಿಂದ ಒಂದು ಮರದ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. ಕಬ್ಬಿಣದ ಮೇಲೆ ಅಕ್ಷರ ಒತ್ತುವ ಉಕ್ಕಿನ ಅಚ್ಚುಗಳು. ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಅಂಕಿಗೂ ಒಂದು. ಅವರಪ್ಪನವು.

“ನಾ ಕೇಳಿದ ಅಕ್ಷರ ಕೊಡು” ಎಂದು ಅರದಿಂದ ಹಸಿರು ಬಣ್ಣವನ್ನು ಅಂಗೈ ಅಗಲ ಕೆರೆದರು. ಕೆಳಗೆ ಬೂದು ಕಬ್ಬಿಣ ಕಂಡಿತು. ಎಸ್ ಕೊಡು ಎಂದರು. ಕೊಟ್ಟೆ. ಸುತ್ತಿಗೆಯ ಒಂದು ಏಟು. ಪಿ ಕೊಡು. ಇನ್ನೊಂದು ಏಟು. ಸ್ಪಿಂಡಲ್ ಸವೆದಿದೆ ಎಂದು ಇಂಗ್ಲಿಷಿನಲ್ಲಿ, ಎಷ್ಟು ಸವೆದಿದೆ ಎಂಬ ಅಳತೆಯ ಸಮೇತ. ಇನ್ನೊಂದರ ಮೇಲೆ, ಗೇರ್ ಹಲ್ಲು ಮುರಿದಿದೆ. ಮತ್ತೊಂದರ ಮೇಲೆ, ಬ್ರೇಕ್ ನಂಬಬೇಡಿ.

ನಾನು ಬಾಗಿಲಿನತ್ತ ನೋಡಿದೆ. “ಅಕ್ಕಾ, ಇದು ತಿಳಿದ್ರೆ ಇಬ್ರಿಗೂ ವೇಲೆ ಹೋಗುತ್ತೆ.”

“ನಿನ್ನ ಕೆಲ್ಸ ಯಾಕ ಹೋಗ್ತೈತಿ, ನಿನ್ನ ಹೆಸರು ಹೊಡೀತೀನೇನು? ಹೆದರಬ್ಯಾಡ. ಡಬ್ಲ್ಯೂ ಕೊಡು.”

ಗೋದಾಮಿನ ಮೇಸ್ತ್ರಿ ಸದ್ದು ಕೇಳಿ ಬಂದು “ಎನ್ನಮ್ಮಾ ಪಣ್ರೀಂಗ?”, ಏನು ಮಾಡುತ್ತಿದ್ದೀರಿ, ಎಂದು ವಿಚಾರಿಸಿದ. ಪರೀಕ್ಷೆ ಮಾಡಿ ವಿವರ ಹೊಡೆಯುತ್ತಿದ್ದೇನೆ ಎಂದು ಅಕ್ಕ ತಲೆ ಎತ್ತದೆ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಅವರಿಗೆ ಒಂದು ಟೀ ತರಿಸಿಕೊಟ್ಟ. ಸಂಜೆ ನಾಲ್ಕರ ಹೊತ್ತಿಗೆ ಏಳೂ ಯಂತ್ರಗಳ ಕೆಲಸ ಮುಗಿಯಿತು. “ಬಣ್ಣ ಬಳದ್ರ ಬಣ್ಣ ಕೆರೀಬಹುದು. ಇದನ್ನ ಯಾರು ಕೆರೀತಾರ ನೋಡೋಣು” ಎಂದು ಕೈ ಒರೆಸಿಕೊಂಡರು.

ಪ್ರಮಾಣಪತ್ರವನ್ನು ಸಹಿಯಿಲ್ಲದೆ ವಾಪಸು ಕೊಟ್ಟರು. ಹೊಸದಾಗಿ ಸೇರಿದ್ದ ಒಬ್ಬ ಅಧ್ಯಾಪಕ ಯಂತ್ರಗಳನ್ನು ನೋಡದೆಯೇ ಸಹಿ ಮಾಡಿದ. ಹಡಗು ಹೊರಟ ಮಾರನೆಯ ದಿನ ಅಕ್ಕ ತಾವಾಗಿಯೇ ರಿಜಿಸ್ಟ್ರಾರರ ಕೋಣೆಗೆ ಹೋಗಿ ತಾವು ಮಾಡಿದ್ದನ್ನು ಹೇಳಿದರು. ಕದ್ದು ಮಾಡಿದ ಕೆಲಸವಲ್ಲ, ನಾಲ್ಕು ದಿನ ತಡವಾಗಿ ಹೇಳುತ್ತಿದ್ದೇನೆ ಅಷ್ಟೇ ಎಂದರಂತೆ. ಆ ವಾರವೇ ಅವರನ್ನು ಹಾಸ್ಟೆಲಿನ ಮಂಚ, ಕುರ್ಚಿಗಳ ಉಸ್ತುವಾರಿಗೆ ಹಾಕಿದರು. ಒಂದು ತಿಂಗಳಲ್ಲಿ ಹಾಸ್ಟೆಲಿನಲ್ಲಿ ಕುಂಟುವ ಮಂಚ ಒಂದೂ ಉಳಿಯಲಿಲ್ಲ.

ಅವರಪ್ಪ ತೀರಿಕೊಂಡಾಗಲೂ ರಜೆ ಹಾಕಿ ಕೂರದವರು ಆ ವರ್ಷ ಮಾತ್ರ ಬಾಡಿದ್ದರು. ಹೊಸ ಲೇತ್‌ಗಳು ತಿರುಗುವ ಸದ್ದು ಹಾಸ್ಟೆಲಿಗೆ ಕೇಳುತ್ತಿತ್ತು. ಒಮ್ಮೆ ನಾನು ಹೋದಾಗ ಮೆಟ್ಟಿಲ ಮೇಲೆ ಕೂತು ಆ ಸದ್ದನ್ನೇ ಆಲಿಸುತ್ತಿದ್ದರು. “ಎರಡನೇದ್ದಕ್ಕ ಎಣ್ಣಿ ಹಾಕಿಲ್ಲ. ಹೇಳು ಅವ್ರಿಗೆ” ಎಂದರು. ಹೇಳಿದೆ. ಯಾರೂ ಹಾಕಲಿಲ್ಲ.

ಮಲಾವಿಗೆ ಕಡಲಿಲ್ಲ. ಪೆಟ್ಟಿಗೆಗಳು ಪಕ್ಕದ ದೇಶದ ಬಂದರಿನಲ್ಲಿ ಇಳಿದು, ಲಾರಿ ಹತ್ತಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾಲ್ಕು ತಿಂಗಳು. ಒಂದು ದಿನ ಡೀನ್ ಅವರ ಮೇಲ್ ನನ್ನ ಕಂಪ್ಯೂಟರಿಗೆ ಬಂತು. ಏಳು ಫೋಟೋಗಳು. ಬೂದು ಕಬ್ಬಿಣದ ಮೇಲೆ ಏಳು ಸಾಲು ಅಕ್ಷರಗಳು. ಕೆಳಗೆ ಎರಡೇ ವಾಕ್ಯ: ಒಪ್ಪಂದದ ಹೊಸ ಯಂತ್ರಗಳು ಯಾವಾಗ ಬರುತ್ತವೆ? ಇದನ್ನು ಬರೆದವರು ಯಾರು? ಪ್ರತಿಯನ್ನು ನೆರವಿನ ನಿಧಿಯವರಿಗೂ ಕಳಿಸಿದ್ದರು.

ಯಂತ್ರಗಳ ವಿಷಯ ಕಾಲೇಜಿನ ಚೇರ್ಮನ್ನರು ನೋಡಿಕೊಳ್ಳುತ್ತಾರೆ, ಎರಡನೆಯದಕ್ಕೆ ‘ತಯಾರಕರ ಗುರುತು, ನಮಗೆ ಗೊತ್ತಿಲ್ಲ’ ಎಂದು ಉತ್ತರಿಸು ಎಂದು ರಿಜಿಸ್ಟ್ರಾರರು ಹೇಳಿದರು. ನಾನು ಕೂತೆ. ಟೈಪ್ ಮಾಡಲು ಬೆರಳಿಟ್ಟೆ. ಅಕ್ಕನ ಹೆಸರು, ಹುದ್ದೆ, ಫೋನ್ ನಂಬರು ಬರೆದು ಕಳಿಸಿದೆ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಹೇಳಿದ್ದನ್ನು ಬಿಟ್ಟು ಬೇರೆ ಟೈಪ್ ಮಾಡಿದ್ದು ಅದೊಂದೇ.

ಆಮೇಲೆ ಎಲ್ಲವೂ ವೇಗವಾಗಿ ನಡೆಯಿತು. ನಿಧಿಯವರು ಬಂದು ನಮ್ಮ ವರ್ಕ್‌ಶಾಪಿನಲ್ಲಿ ನಿಂತಿದ್ದ ಹೊಸ ಲೇತ್‌ಗಳನ್ನು ಎಣಿಸಿಕೊಂಡು ಹೋದರು. ಒಂಬತ್ತೂ ಹಡಗು ಹತ್ತಿದವು. ಹಳೆಯವನ್ನು ವಾಪಸು ಕಳಿಸುವುದಿಲ್ಲ, ಅವೂ ಬೇಕು ಎಂದು ಡೀನ್ ಬರೆದರು. ಜೊತೆಗೆ, ವರ್ಕ್‌ಶಾಪ್ ಕಟ್ಟಲು ಆ ಅಕ್ಷರ ಬರೆದವರೇ ಬರಬೇಕು, ಬೇರೆ ಯಾರೂ ಬೇಡ ಎಂದರು.

ಅಕ್ಕ ಅಷ್ಟರಲ್ಲಿ ನಿವೃತ್ತರಾಗಿದ್ದರು. ಡೀನ್ ಫೋನ್ ಮಾಡಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಅಕ್ಕ ಹೂಂ ಎನ್ನುವ ಮೊದಲು ಒಂದು ಷರತ್ತು ಹಾಕಿದರು. ನಾವು ಅಲ್ಲಿಗೆ ಕಲಿಸಲು ಬರುವುದಾದರೆ ನಿಮ್ಮವರೂ ಇಲ್ಲಿಗೆ ಬರಬೇಕು. ಕಲಿಯಲು ಅಲ್ಲ, ಕಲಿಸಲು. ಅದು ಒಪ್ಪಂದದಲ್ಲಿ ಸೇರಬೇಕು. ಡೀನ್ ನಕ್ಕದ್ದು ಫೋನಿನ ಹೊರಗೂ ಕೇಳಿಸಿತು. ನಮ್ಮ ಕಾಲೇಜು ಎಂಟು ತಿಂಗಳು ಮೀನಮೇಷ ಎಣಿಸಿ, ಕೊನೆಗೆ ನಿಧಿಯವರ ಮುಖ ನೋಡಿ ಒಪ್ಪಿತು.

ಅಕ್ಕ ಅಲ್ಲಿ ಎರಡು ವರ್ಷ ಇದ್ದರು. ತಿದ್ದಿದ ಒಪ್ಪಂದದ ಸಹಿಗೆಂದು ನಾನು ಒಂದು ವಾರ ಹೋಗಿದ್ದೆ. ಕೆಂಪು ಮಣ್ಣು, ತಗಡಿನ ಮಾಡಿನ ಉದ್ದನೆಯ ಕಟ್ಟಡ. ಒಳಗೆ ಖಾಕಿ ಕೋಟು ತೊಟ್ಟ ಅಕ್ಕ, ಸುತ್ತ ಇಪ್ಪತ್ತು ಮಂದಿ ಹುಡುಗ ಹುಡುಗಿಯರು, ನಡುವೆ ಬಿಚ್ಚಿ ಹರವಿದ ನಮ್ಮ ಹಳೆಯ ಲೇತ್. ಮೊದಲ ಸೆಮಿಸ್ಟರಿನ ಪಾಠವೇ ಅದು: ಒಂದು ಯಂತ್ರವನ್ನು ಪೂರ್ತಿ ಬಿಚ್ಚಿ, ಸವೆದ ಕಡೆ ಉಬ್ಬುತಗ್ಗು ಕಾಣಲೆಂದು ನೀಲಿ ಬಣ್ಣ ಹಚ್ಚಿ, ಉಬ್ಬಿದ್ದನ್ನು ಕೂದಲೆಳೆಯಷ್ಟು ಕೆರೆದು, ಮತ್ತೆ ನೀಲಿ ಹಚ್ಚಿ, ಮತ್ತೆ ಕೆರೆದು ಸಮ ಮಾಡುವುದು. ವಾರಗಟ್ಟಲೆಯ ಕೆಲಸ. ನಮ್ಮ ಕಾಲೇಜಿನಿಂದ ನನ್ನ ಜೊತೆ ಬಂದಿದ್ದ ತಜ್ಞರೊಬ್ಬರು, ಇವರಿಗೆ ಯಂತ್ರ ನಡೆಸಲು ಬಂದರೆ ಸಾಕು, ಇಷ್ಟೆಲ್ಲ ಯಾಕೆ ಎಂದು ಕೇಳಿದರು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದರು: “ನಡೆಸಲು ಮಾತ್ರ ಕಲಿತರೆ ಕೆಟ್ಟ ದಿನ ನಿಮಗೆ ಫೋನ್ ಮಾಡಬೇಕಾಗುತ್ತದೆ. ನೀವು ಫೋನ್ ಎತ್ತುವುದಿಲ್ಲ. ನಾನು ನೋಡಿದ್ದೇನೆ.”

ಅಲ್ಲಿನವರು ಅವರನ್ನು ‘ಅಮಾಯಿ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ತಾಯಿ ಎಂದರ್ಥ. ಅಕ್ಕ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ನೋಡಿ ಸೋತು, ಕೊನೆಗೆ ಅವರ ಹಾಗೇ ಮುದ್ದೆ ಮಾಡಿಕೊಂಡು ತಿನ್ನುತ್ತಿದ್ದರು. ಅಲ್ಲಿ ಚಿಸೋಮೊ ಎಂಬ ವಿದ್ಯಾರ್ಥಿನಿ ಇದ್ದಳು. ನಾನಿದ್ದಾಗಲೇ ಒಂದು ಅಳತೆಯ ವಿಷಯಕ್ಕೆ ಅಕ್ಕನಿಗೂ ಅವಳಿಗೂ ಜಗಳ ಹತ್ತಿತು. ಅಕ್ಕ ಕೂಗಾಡಿದರು. ಚಿಸೋಮೊ ಕಣ್ಣಲ್ಲಿ ನೀರು ತುಂಬಿಕೊಂಡೂ ಜಾಗ ಬಿಟ್ಟು ಕದಲದೆ, “ಇಲ್ಲ ಅಮಾಯಿ, ನೀವು ತಪ್ಪು ಓದುತ್ತಿದ್ದೀರಿ” ಎಂದಳು. ಅಕ್ಕ ಕನ್ನಡಕ ಒರೆಸಿ ಮತ್ತೆ ನೋಡಿದರು. ಅವಳದೇ ಸರಿ. ಕ್ಷಮೆ ಕೇಳಲಿಲ್ಲ. ಮಾರನೆಯ ದಿನ ತಮ್ಮ ಸ್ವಂತ ಮೈಕ್ರೋಮೀಟರನ್ನು ಅವಳ ಮುಂದಿಟ್ಟು, “ನಿನ್ನ ಕಣ್ಣು ಚೆನ್ನಾಗಿದೆ, ಇದು ನಿನ್ನಲ್ಲಿರಲಿ” ಎಂದರು. ಅದು ಅವರು ಸೋಲು ಒಪ್ಪಿಕೊಂಡ ಎರಡನೆಯ ಸಲ.

ಓದು ಮುಗಿಸಿ ಅಲ್ಲೇ ಕಲಿಸುತ್ತಿದ್ದ ಚಿಸೋಮೊ ಈ ವರ್ಷ ಚೆನ್ನೈಗೆ ಬಂದಳು, ನಮ್ಮ ಕಾಲೇಜಿನಲ್ಲಿ ಬೋಧಕಿಯಾಗಿ. ಅಕ್ಕನ ಷರತ್ತಿನ ಪ್ರಕಾರ ಬಂದ ಮೊದಲನೆಯವಳು. ಪೋರೂರಿನಲ್ಲಿ ಅವಳಿಗೆ ಮನೆ ಹುಡುಕಲು ನಾನೂ ಅಕ್ಕನೂ ಮೂರು ದಿನ ಅಲೆದೆವು. ಫೋನಿನಲ್ಲಿ ಇದೆ ಎಂದ ಮನೆ ಅವಳ ಮುಖ ಕಂಡೊಡನೆ ಇಲ್ಲವಾಗುತ್ತಿತ್ತು. ಆರನೆಯ ಮನೆಯ ಯಜಮಾನರು, ನಮಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪುವುದಿಲ್ಲ ಎಂದರು. ಅಕ್ಕ ಅಲ್ಲೇ ನಿಂತು ಅಕ್ಕಪಕ್ಕದ ನಾಲ್ಕು ಮನೆಗಳ ಬೆಲ್ ಒತ್ತಿ, ನೀವು ಒಪ್ಪುವುದಿಲ್ಲವಂತೆ, ನಿಜವೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಯಾರೂ ಹೌದೆನ್ನಲಿಲ್ಲ. ಯಜಮಾನರು ಬಾಗಿಲು ಹಾಕಿಕೊಂಡರು. ಚಿಸೋಮೊ ತಿರುವೊಟ್ಟಿಯೂರಿನ ಅಕ್ಕನ ಮನೆಗೇ ಹೋದಳು. ದಿನವೂ ಊರಿನ ಆ ತುದಿಯಿಂದ ಕಾಲೇಜಿಗೆ ಮೆಟ್ರೊ, ಬಸ್ಸು ಹಿಡಿದು ಬರುತ್ತಿದ್ದಳು. ಒಂದು ದಿನವೂ ತಡವಾಗಿ ಬರಲಿಲ್ಲ.

ಅಷ್ಟರಲ್ಲಿ ಅಕ್ಕನ ಯಕೃತ್ತಿಗೆ ಕಾಯಿಲೆ ಹತ್ತಿತ್ತು. ಎರಡು ತಿಂಗಳು ಪೋರೂರಿನ ಆಸ್ಪತ್ರೆಯಲ್ಲೇ ಇದ್ದರು. ಕಾಲೇಜು ಹೊಸ ಕೈಪಿಡಿಗೆ ಅವರ ಫೋಟೋ ಕೇಳಿತು. ಕರಡನ್ನು ನಾನೇ ತೋರಿಸಿದೆ. ‘ಆಫ್ರಿಕಾಕ್ಕೆ ನಮ್ಮ ಕೊಡುಗೆ’ ಎಂಬ ಶೀರ್ಷಿಕೆಯನ್ನು ನೋಡಿ ಪೆನ್ನು ಕೇಳಿದರು. ಸೂಜಿ ಚುಚ್ಚಿದ್ದ ಕೈಯಿಂದಲೇ ‘ಕೊಡುಗೆ’ ಹೊಡೆದುಹಾಕಿದರು. “ಅವ್ರು ಬೇಡಿಲ್ಲ, ನಾವು ಕೊಟ್ಟಿಲ್ಲ. ಒಪ್ಪಂದ ಮಾಡಿಕೊಂಡೀವಿ. ನಾವು ಅದನ್ನ ಮುರದ್ವಿ, ಅವ್ರು ನೆಟ್ಟಗ ಮಾಡಿದ್ರು. ಬರೀತಾರೇನು ಹಂಗ?” ಬರೆಯಲಿಲ್ಲ. ಫೋಟೋ ಕೂಡ ಹೋಗಲಿಲ್ಲ. ಹದಿನೈದು ದಿನಕ್ಕೆ ಅಕ್ಕ ಹೋದರು.

ಸಂತಾಪ ಸಭೆಯ ಮುಂದಿನ ವಾರ ಕಾಲೇಜಿಗೆ ಪರಿಶೀಲನಾ ತಂಡ ಬಂತು. ರಿಜಿಸ್ಟ್ರಾರರು ಅವರನ್ನು ವರ್ಕ್‌ಶಾಪಿಗೆ ಕರೆತಂದರು, ನಾನೂ ಜೊತೆಗಿದ್ದೆ. ಚಿಸೋಮೊಳ ತರಗತಿ ನಡೆಯುತ್ತಿತ್ತು. ನಮ್ಮ ವಿದ್ಯಾರ್ಥಿಗಳು, ಆಮೇಲೆ ಕಾಲೇಜೇ ದುಡ್ಡು ಕೊಟ್ಟು ಕೊಂಡ ಒಂದು ಲೇತಿನ ಸುತ್ತ ನಿಂತಿದ್ದರು. ಅವಳು ತಿರುಗುವ ಕಬ್ಬಿಣದತ್ತ ಬೆರಳು ತೋರಿಸಿ ಏನನ್ನೋ ವಿವರಿಸುತ್ತಿದ್ದಳು. ‘ನಮ್ಮ ಅಂತರರಾಷ್ಟ್ರೀಯ ಪ್ರಶಿಕ್ಷಣಾರ್ಥಿ’ ಎಂದು ರಿಜಿಸ್ಟ್ರಾರರು ಅತಿಥಿಗಳಿಗೆ ಪರಿಚಯಿಸಿದರು. ಬೋಧಕಿ ಎನ್ನಲಿಲ್ಲ. ಫೋಟೋದವನು ಹತ್ತಿರ ಬರಲು ಸನ್ನೆ ಮಾಡಿದ. ರಿಜಿಸ್ಟ್ರಾರರು ನಗುತ್ತಾ ಯಂತ್ರಕ್ಕೆ ಒರಗಿ, ತಿರುಗುತ್ತಿದ್ದ ಭಾಗದ ಪಕ್ಕದಲ್ಲೇ ಕೈಯೂರಿದರು.

“ಏ! ಕೈ ತಗೀ!”

ವರ್ಕ್‌ಶಾಪು ನಡುಗುವ ಹಾಗೆ ಕೂಗಿದ್ದು ಚಿಸೋಮೊ. ಗದಗಿನ ಕನ್ನಡ. ಮೂವತ್ತು ವಿದ್ಯಾರ್ಥಿಗಳ ಕೈಗಳು ಒಟ್ಟಿಗೆ ಹಿಂದಕ್ಕೆ ಹೋದವು. ಕನ್ನಡದ ಒಂದಕ್ಷರ ಬಾರದ ರಿಜಿಸ್ಟ್ರಾರರ ಕೈಯೂ ಹೋಯಿತು. ಚಿಸೋಮೊ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. “ನನ್ನ ತರಗತಿಯಲ್ಲಿ ಅತಿಥಿಗಳು ಹಳದಿ ಗೆರೆಯ ಆಚೆ ನಿಲ್ಲಬೇಕು ಸರ್” ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರು ನಿಲ್ಲುವವರೆಗೆ ಕಾದಳು. ರಿಜಿಸ್ಟ್ರಾರರು ಹೋಗಿ ಗೆರೆಯ ಆಚೆ ನಿಂತರು.

ತಂಡ ಹೊರಟ ಮೇಲೆ ನಾನು ಅವಳ ಹತ್ತಿರ ಹೋದೆ.

“ಈಗ ಕೂಗಿದೆಯಲ್ಲ, ಅದು ಯಾವ ಭಾಷೆ ಗೊತ್ತಾ?”

“ಭಾಷೆಯಾ?” ಎಂದು ಅವಳು ಹುಬ್ಬು ಗಂಟಿಕ್ಕಿದಳು. “ಅದು ಲೇತಿನ ಮಾತು. ಅಮಾಯಿ ಮೊದಲ ದಿನ ಕಲಿಸಿದ್ದು. ಮಲಾವಿಯ ನಮ್ಮ ಕಾಲೇಜಿನಲ್ಲಿ ಎಲ್ಲರೂ ಹೀಗೇ ಹೇಳುತ್ತೇವೆ. ಹೊಸದಾಗಿ ಸೇರಿದವರಿಗೂ ಮೊದಲು ಇದನ್ನೇ ಕಲಿಸುತ್ತೇವೆ.”

ಅದು ಕನ್ನಡ, ನಾನೂ ಅಮಾಯಿಯೂ ಆಡುತ್ತಿದ್ದ ಭಾಷೆ ಎಂದು ಹೇಳಿದೆ. ಅವಳು ನಂಬಲಿಲ್ಲ.